ಪಡದಾ ಬೇಕಾಗೇತಿ

ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ತಾತ್ಯಾಸಾಹೇಬರು ನಲವತ್ತೈದು ವರ್ಷದ ಹಿಂದೆ, ಕೈ ನಡೆಯುತ್ತಿದ್ದ ಕಾಲದಲ್ಲಿ, ಕೊಲ್ಹಾಪುರದಿಂದ ಒಂದು ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು ಕೊಂಡು ತಂದರು. ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ, ಪಕ್ಕಕ್ಕೆ ಕಿಟಕಿಯಿಲ್ಲ. ಅದರ ಇಂಗ್ಲಿಷ್ ಹೆಸರು ಊರಿನಲ್ಲಿ ಯಾರ ಬಾಯಿಗೂ ಸಲೀಸಾಗಿ ಹತ್ತಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಕಪ್ಪೆಯಂತೆ ಕಾಣುವ ಅದಕ್ಕೆ ಜನ ‘ಕಪ್ಪಿ ಗಾಡಿ’ ಎಂದರು; ಆ ಹೆಸರೇ ಉಳಿಯಿತು. ತಾತ್ಯಾನ ಹೆಂಡತಿ ರತ್ನಮಾಲಾಬಾಯಿ ಅದರಲ್ಲಿ ಒಂದೇ ಒಂದು ಸಲ ಕೂತು, ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಸೆರಗು ಹಿಡಿದು ಹಿಡಿದು ಸಾಕಾಗಿ, ಅಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದರಂತೆ. ಆಮೇಲೆ ಬದುಕಿರುವ ತನಕ ಅದರ ಕಡೆ ತಿರುಗಿ ನೋಡಲಿಲ್ಲ.

ಆ ಗಾಡಿಗೆ ಎರಡನೇ ಡ್ರೈವರ್ ಸಿಕ್ಕಿದ್ದು ಹಲಕರ್ಣಿಯಿಂದ ಸೊಸೆ ಶಾಲನ ಬಂದ ಮೇಲೆ. ಮದುವೆಯಾಗಿ ಎರಡು ತಿಂಗಳಾಗಿತ್ತು. ಗಾಡಿ ಒರೆಸಲು ಹೋದವಳು, ಯಾರೂ ಇಲ್ಲವೆಂದು ನೋಡಿಕೊಂಡು, ಸ್ಟಿಯರಿಂಗ್ ಹಿಡಿದು ಬಾಯಲ್ಲೇ ಬುರ್ರ್ ಎನ್ನಿಸುತ್ತ ಕೂತಿದ್ದಳು. ಹಿಂದೆ ಮಾವ ನಿಂತಿದ್ದರು. ಶಾಲನ ಗಡಬಡಿಸಿ ಇಳಿಯಲು ಹೋದಳು. ತಾತ್ಯಾ ಬಂದು ಪಕ್ಕದ ಸೀಟಿನಲ್ಲಿ ಕೂತು, ‘ಎಡಗಾಲ ಕೆಳಗ ಐತಿ ನೋಡು, ಅದು ಕ್ಲಚ್,’ ಅಂದರು. ಮೂರು ತಿಂಗಳಲ್ಲಿ ಸೊಸೆ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗತೊಡಗಿದಳು. ಮಾತಾಡಿಕೊಳ್ಳುವವರು ಮಾತಾಡಿಕೊಂಡರು. ತಾತ್ಯಾ ಮಾತ್ರ, ‘ನಿಮ್ಮ ಮನಿ ಹೆಣ್ಮಕ್ಕಳ್ನೂ ಕಳಸ್ರಿ, ಕಲಿಸ್ತಾಳ,’ ಎಂದುಬಿಟ್ಟರು. ಅವರು ಹೇಳಿದ್ದು ಚೇಷ್ಟೆಗೆ, ಆದದ್ದು ನಿಜ. ಈಗ ಶಾಲನಳಿಗೆ ನಲವತ್ತೇಳು. ಹೆಂಗಸರಿಗೆ ಮಾತ್ರ ಕಲಿಸುವ ಡ್ರೈವಿಂಗ್ ಸ್ಕೂಲು ಅವಳದು. ನರ್ಸುಗಳು, ಮಾಸ್ತರಿಣಿಯರು, ಒಬ್ಬ ಸರಪಂಚಬಾಯಿ, ಹೀಗೆ ನಾನೂರು ಮಂದಿ ಅವಳ ಕೈಯಲ್ಲಿ ಪಳಗಿದ್ದಾರೆ. ತನ್ನ ಹೆಸರು, ದುಡಿಮೆ, ಧೈರ್ಯ ಎಲ್ಲವೂ ಆ ಕಪ್ಪಿ ಗಾಡಿಯ ಎಡ ಸೀಟಿನಲ್ಲಿ ಕೂತ ಮುದುಕನಿಂದ ಬಂದದ್ದು ಎಂದು ಅವಳು ನಂಬಿದ್ದಳು, ಕೇಳಿದವರಿಗೆಲ್ಲ ಹೇಳುತ್ತಿದ್ದಳು ಕೂಡ.

ಮೂರು ವರ್ಷದ ಹಿಂದೆ ತಾತ್ಯಾನ ಕಣ್ಣು ಹೋದವು. ಕಣ್ಣಿನ ಪಡದಾ ಕೆಟ್ಟಿದೆ, ಅದನ್ನು ಬದಲಿ ಮಾಡಲು ಬರುವುದಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿ ಕಳಿಸಿದರು. ಬೆಳಕು ಯಾವ ಕಡೆಗಿದೆ ಎಂಬಷ್ಟೇ ಈಗ ಅವರಿಗೆ ತಿಳಿಯುತ್ತದೆ. ಆದರೂ ದಿನಾ ಸಂಜೆ ಐದಕ್ಕೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬರುತ್ತಿದ್ದರು. ಶಾಲನ ಹತ್ತು ನಿಮಿಷ ಇಂಜಿನ್ ಚಾಲೂ ಮಾಡುತ್ತಿದ್ದಳು. ಅವರು ಕೂತು ಕೇಳುತ್ತಿದ್ದರು, ಒಳ್ಳೆ ಗಾಯಕನ ಮುಂದೆ ಕೂತವರ ಹಾಗೆ.

ಡಿಸೆಂಬರ್ ಮೊದಲ ರವಿವಾರ ಸಂಜೆ ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಇಂಜಿನ್ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

ಬೇರೆ ದಿನವಾಗಿದ್ದರೆ ಇದು ಅಂಥ ದೊಡ್ಡ ಮಾತಲ್ಲ. ಆದರೆ ಮುಂದಿನ ಮಂಗಳವಾರ, ಅಂದರೆ ಸರಿಯಾಗಿ ಒಂಬತ್ತು ದಿನಕ್ಕೆ, ಗಾಡಿಯ ಪಾಸಿಂಗ್ ಇತ್ತು. ಐದು ವರ್ಷಕ್ಕೊಮ್ಮೆ ಕೊಲ್ಹಾಪುರದ ಆರ್‌ಟಿಓ ಆಫೀಸಿಗೆ ಒಯ್ದು ತೋರಿಸಿ, ಕಾಗದ ಹೊಸದು ಮಾಡಿಸಬೇಕು. ಆ ತಾರೀಖು ತಪ್ಪಿದರೆ ಆ ತಿಂಗಳು ಇನ್ನೊಂದು ಸಿಗುವುದಿಲ್ಲ, ಕಾಗದ ಮುಗಿಯುತ್ತದೆ. ‘ಟೆಂಪೋದಾಗ ಹಾಕ್ಕೊಂಡು ಹೋಗೂಣು,’ ಅಂದ ಶಾಲನಳ ಗಂಡ ಅವಿನಾಶ. ತಾತ್ಯಾ ತಲೆ ಅಲ್ಲಾಡಿಸಿದರು.

‘ತಾನಾಗೇ ಹೋದ್ರ ಹೋಗ್ಲಿ. ಹೊತಗೊಂಡು ಹೋಗೂದಾದ್ರ ಬ್ಯಾಡ. ಗುಜರಿಯಾವನ್ನ ಕರಸ್ರಿ. ನನಗೂ ಈಗ ಸಾಕಾಗೇತಿ.’

ಕೊನೆಯ ಮಾತು ಸುಳ್ಳು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಿನಾಶ ಕೆಟ್ಟವನಲ್ಲ, ಲೆಕ್ಕದ ಮನುಷ್ಯ. ಅಪ್ಪ ಬಾಯಿ ಬಿಟ್ಟು ಹೇಳಿದ್ದನ್ನು ಹಾಗೇ ತೆಗೆದುಕೊಳ್ಳುತ್ತಿದ್ದ. ‘ಮಂಗಳವಾರ ಗಾಡಿ ನಡದ್ರ ಇರ್ಲಿ, ಇಲ್ಲಂದ್ರ ಗುಜರಿಗೆ ಕೊಡೂಣು,’ ಎಂದು ಹೆಂಡತಿಗೆ ಹೇಳಿ ಅಂಗಡಿಗೆ ಹೋದ.

ಸಂಕೇಶ್ವರ ರೋಡಿನ ಮೆಕ್ಯಾನಿಕ್ ಮಲ್ಲಾರಿ ಸೋಮವಾರ ಬಂದು ಬಾನೆಟ್ ಎತ್ತಿದ. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿದ. ‘ಎಣ್ಣ್ಯಾಗ ಪೆಟ್ರೋಲ ಇಳದೈತ್ರಿ ಅಕ್ಕಾರ,’ ಅಂದ. ಇಂಜಿನ್ ಪಕ್ಕಕ್ಕೆ ಕಪ್‌ನಷ್ಟು ದಪ್ಪದ ಒಂದು ಪಂಪ್ ಇರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಮೇಲಕ್ಕೆ ಕೊಡುವುದು ಅದರ ಕೆಲಸ. ಮಲ್ಲಾರಿ ಅದನ್ನು ಬಿಚ್ಚಿ ಒಳಗಿನಿಂದ ಅಂಗೈಯಗಲದ ಒಂದು ದುಂಡನೆ ಕರಿ ಚಕ್ಕೆ ತೆಗೆದ. ಹಪ್ಪಳ ಎಣ್ಣೆಯಲ್ಲಿ ಉಬ್ಬಿದಂತೆ ಉಬ್ಬಿ, ನಡುವೆ ಸೀಳಿತ್ತು.

‘ಇದs ನೋಡ್ರಿ ಪಡದಾ. ಇದು ಮ್ಯಾಲ ಕೆಳಗ ಆಡಿದ್ರನ ಪೆಟ್ರೋಲ ಬರೂದು. ಹಳೇ ರಬ್ಬರ. ಈಗಿನ ಪೆಟ್ರೋಲದಾಗ ಕಬ್ಬಿನ ಸ್ಪಿರಿಟ್ ಕೂಡಸ್ತಾರಲ್ಲ, ಅದನ್ನ ಈ ರಬ್ಬರ ತಾಳೂದಿಲ್ರಿ.’

ಕುರ್ಚಿಯಲ್ಲಿ ಕೂತಿದ್ದ ತಾತ್ಯಾ ನಕ್ಕರು. ‘ಕಬ್ಬು ಗಾಣಕ್ಕ ಹಾಕ್ರೋ, ಬೆಲ್ಲ ಮಾಡ್ರೋ ಅಂತ ರೈತರ ಮುಂದ ಬಡಕೊಂಡೆ. ಸಕ್ರಿ ಕಾರಖಾನಿಗೇ ಕಳಿಸಿದ್ರು. ಈಗ ನಮ್ಮ ಕಬ್ಬs ನಮ್ಮ ಗಾಡಿ ಪಡದಾ ತಿಂತು ನೋಡು.’

ಪೆಟ್ರೋಲಿನ ರಬ್ಬರ್ ಪೈಪುಗಳೂ ಪುಡಿಪುಡಿಯಾಗಿದ್ದವು. ಅವಕ್ಕೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಒಳ್ಳೆಯ ಪೈಪು ಸಿಕ್ಕಿತು. ಟ್ಯಾಂಕ್ ಇಳಿಸಿ ತೊಳೆದದ್ದಾಯಿತು. ಪಂಪಿನ ಅಂಚಿಗೆ ಕೂರಿಸುವ ಗ್ಯಾಸ್ಕೆಟ್ಟನ್ನು ಮಲ್ಲಾರಿ ದಪ್ಪ ಕಾಗದದ ಹಾಳೆ ಇಟ್ಟು, ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ಬಡಿದು ಬಡಿದೇ ಕತ್ತರಿಸಿದ. ‘ಉಳದದ್ದೆಲ್ಲಾ ನನಗ ಬಿಡ್ರಿ,’ ಅಂದ. ‘ನೀವು ಪಡದಾ ಒಂದು ತಂದು ಕೊಡ್ರಿ.’

ಬುಧವಾರ ಶಾಲನ ಕ್ಲಾಸುಗಳನ್ನು ರದ್ದು ಮಾಡಿ ಕೊಲ್ಹಾಪುರಕ್ಕೆ ಹೋದಳು. ಓದಿದವಳಲ್ಲವೇ, ಗಾಡಿಯ ಇಂಗ್ಲಿಷ್ ಹೆಸರು, ಇಸವಿ, ಇಂಜಿನ್ ನಂಬರು, ‘ಫ್ಯುಯೆಲ್ ಪಂಪ್ ರಿಪೇರ್ ಕಿಟ್’ ಎಂದು ಚೆಂದಾಗಿ ಒಂದು ಚೀಟಿ ಬರೆದುಕೊಂಡು ಹೋಗಿದ್ದಳು. ಉದ್ಯಮನಗರದ ಗಲ್ಲಿ ಗಲ್ಲಿ ತಿರುಗಿದಳು. ಲೇಥಿನ ಸದ್ದು, ಎಣ್ಣೆ ಜಿಡ್ಡಿನ ವಾಸನೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ. ಚೀಟಿ ಓದಿದವರೆಲ್ಲ ಒಮ್ಮೆ ಅವಳನ್ನು, ಒಮ್ಮೆ ಚೀಟಿಯನ್ನು ನೋಡಿ ಕೈ ಮುಗಿದರು. ಒಬ್ಬ ಮೊಬೈಲಿನಲ್ಲಿ ಹುಡುಕಿ, ಇಂಗ್ಲೆಂಡಿನಿಂದ ತರಿಸಬಹುದು, ಮೂರು ವಾರ ಬೇಕು ಅಂದ. ಮುಂಬೈಯ ಇನ್ನೊಬ್ಬ ಫೋನಿನಲ್ಲಿ ಹೇಳಿದ ಬೆಲೆ ಕೇಳಿ ಅವಳು ಮನಸ್ಸಿನಲ್ಲೇ ಎಣಿಸಿದಳು: ಆರು ಹೆಂಗಸರಿಗೆ ಪೂರ್ತಿ ಡ್ರೈವಿಂಗ್ ಕಲಿಸಿದರೆ ಬರುವಷ್ಟು. ಅದೂ ಹಳೇ ಪಂಪು, ಒಳಗೆ ಅದೇ ಹಳೇ ರಬ್ಬರ್, ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಗೋಳು. ಕೊನೆಗೆ ಚಹಾದ ಗಾಡಿಯ ಎದುರು, ಹಳದಿ ಬಾಗಿಲಿನ ಒಂದು ಸಣ್ಣ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದ ಮನುಷ್ಯನನ್ನು ಕೇಳಿದಳು, ‘ಇಲ್ಲಿ ಕಾರಿನ ಪಾರ್ಟ್ಸ್ ಸಿಗ್ತಾವೇನ್ರಿ?’

‘ನಾಹೀ ಬಾಯಿ, ಪುಢೇ ಬಘಾ,’ ಎಂದು ಅವನು, ಇಲ್ಲಿಲ್ಲ, ಮುಂದೆ ನೋಡಿರೆಂದು ಕೈ ತೋರಿಸಿದ.

ಮುಂದೆ ಗಲ್ಲಿಯೇ ಮುಗಿದಿತ್ತು.

ಮನೆಗೆ ಬಂದ ಶಾಲನ ಸೋತ ಮನಸ್ಸಿನಲ್ಲಿ ಬೀಗರು ನೆಂಟರಿದ್ದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದಳು. ಇಂಗ್ಲಿಷ್ ಹೆಸರು ಬರೆದು ಬರೆದು ಬೇಸರ ಬಂದಿತ್ತು; ಮಲ್ಲಾರಿಯ ಮಾತನ್ನೇ ಬರೆದಳು: ‘ತಾತ್ಯಾನ ಗಾಡಿ ಪಡದಾ ಹರದೈತಿ. ಮಂಗಳವಾರದೊಳಗ ಬೇಕಾಗೇತಿ. ಎಲ್ಲಿ ಸಿಕ್ಕರೂ ಹೇಳ್ರಿ.’

ಬರೆಯುವಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಪಡದಾ ಎಂದರೆ ಅವಳಿಗೀಗ ಒಂದೇ ಅರ್ಥ. ಅದು ಮೂರು ಅರ್ಥದ ಮಾತು ಎಂಬುದು ಮರುದಿನದಿಂದ ತಿಳಿಯುತ್ತ ಹೋಯಿತು.

ಗುರುವಾರ ಬೆಳಿಗ್ಗೆ ಅವಳು ಒಬ್ಬ ನರ್ಸಿಗೆ ರಿವರ್ಸ್ ಕಲಿಸುತ್ತಿದ್ದಳು. ಫೋನ್ ಬಂತು. ಉತ್ತೂರಿನ ಅಲ್ಲಪ್ಪ ಕಾಕಾ. ಈ ಅಲ್ಲಪ್ಪ ನಲವತ್ತು ವರ್ಷ ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ, ತಾತ್ಯಾನ ಅಂಗಡಿಗೆ ಬೆಲ್ಲ ತಂದು ಹಾಕಿದ ರೈತ. ವ್ಯಾಪಾರದಿಂದ ಶುರುವಾದದ್ದು ಗೆಳೆತನವಾಗಿ, ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ಬೈಯದಿದ್ದರೆ ಇಬ್ಬರಿಗೂ ಸಮಾಧಾನವಿರುತ್ತಿರಲಿಲ್ಲ. ಫೋನಿನಲ್ಲಿ ಆಸಾಮಿ ಪೀಠಿಕೆ ಹಾಕಲಿಲ್ಲ.

‘ಶಾಲನಾ, ಡೇರಿಯಾಗ ಮಾತಾಡಾಕತ್ತಿದ್ರು. ತಾತ್ಯಾಂದು ಪಡದಾ ಹರದೈತಂತ, ಹೊಸಾದು ಬೇಕಾಗೇತಂತ. ಹೌದೇನು?’

‘ಹೌದ್ರಿ ಕಾಕಾ.’

‘ಹಂಗಾರ ಕೇಳು. ನನಗ ಎಪ್ಪತ್ತಾರಾತು. ಒಂದು ಕಣ್ಣಿಲೆ ಎಮ್ಮಿ ಕಾಣಸ್ತೈತಿ, ಕಬ್ಬು ಕಾಣಸ್ತೈತಿ, ಉಣ್ಣೂ ಗಂಗಾಳ ಕಾಣಸ್ತೈತಿ. ಇನ್ನೊಂದು ತಾತ್ಯಾಗ ತಗೋರಿ. ಮಂಗಳವಾರ ಅಂತಲ್ಲ ಆಪರೇಶನ್? ನಾ ಸೋಮವಾರನ ಮಿರಜಿಗೆ ಬಂದಿರ್ತೇನಿ. ಏನೂ ತಿನ್ನದ ಬರಬೇಕೇನು, ಅಷ್ಟು ಕೇಳಿ ಹೇಳು.’

ಶಾಲನ ಗಾಡಿ ನಿಲ್ಲಿಸಿದಳು. ಪಕ್ಕದ ನರ್ಸು ಏನಾಯಿತೆಂದು ಗಾಬರಿಯಾದಳು. ಊರಿಂದ ಊರಿಗೆ ಹೋಗುವಷ್ಟರಲ್ಲಿ ಸಂದೇಶದಿಂದ ‘ಗಾಡಿ’ ಎಂಬ ಒಂದು ಮಾತು ಎಲ್ಲೋ ಉದುರಿಹೋಗಿತ್ತು. ಉಳಿದದ್ದನ್ನು ಕೇಳಿದ ಈ ಮುದುಕ, ಎಮ್ಮೆ ಹಿಂಡಿ, ಹಾಲು ಹಾಕಿ, ಕಣ್ಣು ಕೊಡಲು ತಯಾರಾಗಿ ಫೋನ್ ಮಾಡಿದ್ದ. ಬಸ್ಸಿನ ಸಮಯ ಕೇಳಿದಷ್ಟು ಸಹಜವಾಗಿ ಕೇಳಿದ್ದ.

‘ಕಾಕಾ,’ ಅಂದಳು ಹೇಗೋ, ‘ಅದು ಕಣ್ಣಿಂದಲ್ರಿ. ಗಾಡೀದು. ಕಪ್ಪಿ ಗಾಡಿ ಪಂಪಿಂದು ಪಡದಾ.’

ಆ ಕಡೆ ಎಮ್ಮೆ ಒಮ್ಮೆ ಕೂಗಿತು.

‘ಗಾಡೀದೇನು,’ ಅಂದ ಅಲ್ಲಪ್ಪ. ‘ತಾತ್ಯಾಗ ಹೇಳಬ್ಯಾಡವಾ. ನಗ್ತಾನ ಮಗಾ. ಊರೆಲ್ಲಾ ಹೇಳ್ಕೋತ ತಿರಗ್ತಾನ.’

‘ಹೇಳೂದಿಲ್ರಿ.’

‘ಮತ್ತ ಆ ಗಾಡೀದು ಸಿಗ್ತೈತಿಲ್ಲೊ?’

‘ಹುಡಕಾಕತ್ತೇನ್ರಿ.’

‘ಸಿಗ್ತೈತಿ ತಗೋ. ಗಾಡೀದು ಸಿಗ್ಲಾರದ ಏನು.’

ಮಾತು ಕೊಟ್ಟಂತೆ ಶಾಲನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಆ ದಿನವೆಲ್ಲ ಅವಳಿಗೆ ಮಾವನ ಮುಖ ನೋಡಿದಾಗಲೆಲ್ಲ ಕಣ್ಣು ತುಂಬುತ್ತಿತ್ತು. ಪಡದಾ ಸಿಗಲಿ ಬಿಡಲಿ, ಇಂಥ ಗೆಳೆಯ ಇದ್ದಾನಲ್ಲ ಎಂದು ಒಮ್ಮೆ ಅನ್ನಿಸಿದರೆ, ಇಂಥ ಮನುಷ್ಯ ಹೊರಡಲು ತಯಾರಾಗಿರುವಾಗ ತಾನು ಒಂದು ರಬ್ಬರ್ ಚಕ್ಕೆ ಹುಡುಕಲಾರೆನೇ ಎಂದು ಮತ್ತೊಮ್ಮೆ ಹಟ ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಇಚಲಕರಂಜಿಯ ಬಸ್ಸಿನಲ್ಲಿ ಒಂದು ಪಾರ್ಸಲ್ ಬಂತು. ಕಳಿಸಿದವಳು ನಾದಿನಿ ಪ್ರಣಾಲಿ. ಇಚಲಕರಂಜಿಗೆ ಅಂಟಿದ ಕಬನೂರಿನಲ್ಲಿ ಅವಳ ಮನೆ, ಮನೆಯ ಹಿಂದೆ ಹತ್ತು ಪವರ್‌ಲೂಮು. ಮೇಲೆ ದೊಡ್ಡಕ್ಷರದಲ್ಲಿ ‘ತಾತ್ಯಾನ ಗಾಡಿ ಪಡದಾ’ ಎಂದು ಬರೆದಿತ್ತು. ಶಾಲನ ಓಡುತ್ತ ಮಲ್ಲಾರಿಯ ಗ್ಯಾರೇಜಿಗೆ ಒಯ್ದಳು. ಮಲ್ಲಾರಿ ಕೈ ತೊಳೆದುಕೊಂಡು ಭಕ್ತಿಯಿಂದ ದಾರ ಬಿಚ್ಚಿದ.

ಒಳಗೆ ಆರು ಪರದೆಗಳು. ನಿಜವಾದ ಪರದೆಗಳು. ಗಿಳಿಹಸಿರು ಬಟ್ಟೆ, ಬಂಗಾರದ ಬಣ್ಣದ ಅಂಚು, ಮೇಲೆ ಕೆಳಗೆ ಎಲಾಸ್ಟಿಕ್ ಹೊಲಿದು, ಕಾರಿನ ಕಿಟಕಿಗೆ ಕಟ್ಟುವ ಹಾಗೆ ತಯಾರು ಮಾಡಿದವು.

ಮಲ್ಲಾರಿ ಒಂದನ್ನು ಎತ್ತಿ ಹಿಡಿದು ನೋಡಿದ. ‘ಅಕ್ಕಾರ,’ ಅಂದ, ‘ಛಂದ ಅದಾವ್ರಿ. ಖರೆ ಗಾಡಿಗೆ ಖಿಡಕೀನ ಇಲ್ಲಲ್ರಿ.’

ಶಾಲನಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು, ಅಲ್ಲೇ ಟಯರಿನ ಮೇಲೆ ಕೂತುಬಿಟ್ಟಳು. ನಾಲ್ಕು ದಿನ ಉಳಿದಿತ್ತು. ಸಾವರಿಸಿಕೊಂಡು ಪ್ರಣಾಲಿಗೆ ಫೋನ್ ಹಚ್ಚಿದಳು. ಲೂಮುಗಳ ಖಟಖಟ ಸದ್ದಿನಲ್ಲಿ ಆ ಕಡೆಯ ಮಾತು ಕೇಳುವಂತಿರಲಿಲ್ಲ. ಪ್ರಣಾಲಿ ಹೊರಗೆ ಬಂದು ಖುಷಿಯಿಂದ ಕೇಳಿದಳು, ‘ವೈನಿ, ಮುಟ್ಟಿದುವೇನ್ರಿ? ನಿಮ್ಮ ಮಾರುತಿಯಾಗ ಕೂತಾಗ ತಾತ್ಯಾಗ ಬಿಸಲ ತಾಗಬಾರದಂತ ಎರಡ ಪದರಾ ಹಾಕಸೇನ್ರಿ.’

ಶಾಲನ ಮೊದಲು ಬಟ್ಟೆಯನ್ನು ಹೊಗಳಿದಳು. ಎರಡು ದಿನ ಕೂತು ಹೊಲಿಸಿದವಳಿಗೆ ಅಷ್ಟಾದರೂ ಸಲ್ಲಬೇಕಿತ್ತು. ಆಮೇಲೆ ಮೆಲ್ಲಗೆ ವಿಷಯ ಹೇಳಿದಳು. ಗಾಡಿ ಎಂದರೆ ಕಪ್ಪಿ ಗಾಡಿ, ಆ ಪಡದಾ ಬೇರೆ; ದುಂಡಗಿರುತ್ತದೆ; ಒಳಗೆ ದಪ್ಪ ಬಟ್ಟೆ, ಮೇಲೆ ರಬ್ಬರ್; ಪಂಪಿನೊಳಗೆ ಮೇಲೆ ಕೆಳಗೆ ಆಡುತ್ತದೆ. ಪ್ರಣಾಲಿ ನಾಚಿಕೊಂಡು ಏನೂ ತೋಚದೆ ಗಂಡನ ಕೈಗೆ ಫೋನ್ ಕೊಟ್ಟಳು. ಬಾಳಗೊಂಡ ಕಡಿಮೆ ಮಾತಿನ ಮನುಷ್ಯ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

‘ವೈನಿ, ಒಳಗಿನ ಅರಬಿ ಹರದಲ್ಲೆ ಎಳಿ ಕಾಣಸ್ತಾವೇನ್ರಿ? ಬಿಳೇವು, ಹೊಳೀತಾವ?’

ಶಾಲನ ಸೀಳಿದ ಚಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಬಿಳಿ ಎಳೆ, ಹೊಳಪು ಎಂದೋ ಹೋಗಿತ್ತು; ಹಾಗೆಂದೇ ಹೇಳಿದಳು.

‘ಹಿಂದಿನ ಎರಡ ಲೂಮಿನ ಮ್ಯಾಲ ನಾವು ನಾಯಲಾನಿನ ದಪ್ಪ ಅರಬಿ ನೇಯಾಕತ್ತೇವಿ. ಉದ್ಯಮನಗರದಾವ ಒಬ್ಬಾಂವ ಒಯ್ತಾನ. ಒಂದ ಗಂಟು ಕಂಡ್ರ ಇಡೀ ಅರಬಿ ಥಾನs ವಾಪಸ್. ಎರಡ ವರ್ಷಾತು, ಇಂವಾ ಇದರಲೆ ಏನ್ ಮಾಡ್ತಾನ ಅಂತ ನಾ ಕೇಳೇ ಇಲ್ಲ. ನಾಳೆ ಆ ಹರಕು ತಗೊಂಡು ಬರ್ರಿ. ಕೇಳೂಣು.’

ಶನಿವಾರ ಶಾಲನ ಸ್ಕೂಲಿನ ಮಾರುತಿಯಲ್ಲಿ ಕಬನೂರಿಗೆ ಹೋಗಿ ಬಾಳಗೊಂಡನನ್ನು ಕೂರಿಸಿಕೊಂಡು ಕೊಲ್ಹಾಪುರದ ದಾರಿ ಹಿಡಿದಳು. ಕಲಿಸುವ ಗಾಡಿಯಾದ್ದರಿಂದ ಎಡ ಸೀಟಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಹೆಂಗಸರು ಹೊಡೆಯುವ ಗಾಡಿಯಲ್ಲಿ ಎಂದೂ ಕೂತಿರದ ಬಾಳಗೊಂಡ, ಎದುರಿಗೆ ಕಬ್ಬಿನ ಟ್ರಾಲಿ ಬಂದಾಗಲೆಲ್ಲ ಅದನ್ನು ತುಳಿಯುತ್ತಿದ್ದ. ಹಾತಕಣಂಗಲೆ ದಾಟುವಷ್ಟರಲ್ಲಿ ಗಾಡಿ ಏಳು ಸಲ ನಿಂತಿತು. ‘ದಾಜಿ, ಕಾಲು ಮ್ಯಾಲ ತಗೋರಿ,’ ಎಂದು ಶಾಲನ ನಾನೂರು ಶಿಷ್ಯೆಯರಿಗೆ ಹೇಳಿದ ಗಟ್ಟಿ ದನಿಯಲ್ಲೇ ಹೇಳಿದ ಮೇಲೆ, ಅವನು ಚಕ್ಕಳಮಕ್ಕಳ ಹಾಕಿಕೊಂಡು ಕೂತ.

ಉದ್ಯಮನಗರದಲ್ಲಿ ಬಾಳಗೊಂಡ ಕರೆದುಕೊಂಡು ಹೋಗಿ ನಿಲ್ಲಿಸಿದ ಜಾಗ ನೋಡಿ ಶಾಲನ ಬೆಪ್ಪಾದಳು. ಅದೇ ಚಹಾದ ಗಾಡಿ. ಅದೇ ಹಳದಿ ಬಾಗಿಲು. ಹೊಸ್ತಿಲಲ್ಲಿ ಅದೇ ಮನುಷ್ಯ. ಹೆಸರು ದಾದಾಸಾಹೇಬ. ರೈತರು ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಪಂಪುಗಳಿಗೆ ರಬ್ಬರಿನ ಪಡದಾ, ವಾಶರ್ ತಯಾರಿಸುವುದು ಅವನ ಕಸುಬು.

‘ಬುಧವಾರ ನಿಮ್ಮನ್ನ ಕೇಳಿದ್ನೆಲ್ರಿ,’ ಅಂದಳು ಶಾಲನ.

ದಾದಾಸಾಹೇಬ ನೆನಪು ಮಾಡಿಕೊಂಡ. ಅವನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ‘ನೀವು ಕಾರಿನ ಪಾರ್ಟ್ ಕೇಳಿದ್ರಿ. ಪಡದಾ ಕುಠ ಮಾಗಿತಲಾ, ಎಲ್ಲಿ ಕೇಳಿದ್ರಿ? ಪಡದಾ ಕೇಳಿದ್ರ ಅವತ್ತs ಕೊಡ್ತಿದ್ದೆ.’

ಶಾಲನ ಚೀಟಿ ತೆಗೆದು ಗಾಡಿಯ ಹೆಸರು ಓದಲು ಹೋದಳು. ಅವನು ಕೈ ಅಡ್ಡ ಹಿಡಿದ. ‘ಗಾಡೀ ಹೆಸರು ಯಾಕ್ರಿ? ವಿಲಾಯತಿ ಇರ್ಲಿ, ಎತ್ತಿನ ಗಾಡಿ ಇರ್ಲಿ. ಮಾಪ ಹೇಳ್ರಿ. ಎಷ್ಟು ಅಗಲ, ಎಷ್ಟು ದಪ್ಪ, ಎಷ್ಟು ತೂತು.’

ಹರಿದ ಚಕ್ಕೆಯನ್ನು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಮಡಚಿ, ಎಳೆದು, ಉಗುರಿನಿಂದ ಕೆರೆದು, ಅಳೆದ. ಈಗಿನ ಪೆಟ್ರೋಲಿಗೆ ತಡೆಯುವ ರಬ್ಬರ್ ಬೇರೆಯೇ ಇದೆ ಎಂದು ಹೇಳಿ, ಗೋಡೆಗೆ ಒರಗಿಸಿದ್ದ ಕರಿ ಹಾಳೆಗಳಲ್ಲಿ ಒಂದನ್ನು ಎಳೆದ. ಅದರ ಅಂಚಿನಲ್ಲಿ ಬಟ್ಟೆಯ ಎಳೆ ಇಣುಕುತ್ತಿತ್ತು. ಬಾಳಗೊಂಡ ಬಗ್ಗಿ, ಆ ಎಳೆಯನ್ನು ಬೆರಳಿನಿಂದ ಸವರಿದ.

‘ನಮ್ಮದs,’ ಅಂದ. ಅವನ ಮುಖ ಅರಳಿತ್ತು.

ದಾದಾಸಾಹೇಬ ಹಳೆಯ ಚಕ್ಕೆಯ ಸೀಳನ್ನು ತೋರಿಸಿದ. ಸೀಳು ಶುರುವಾದ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ಗಂಟಿತ್ತು. ಅರವತ್ತು ವರ್ಷದ ಹಿಂದೆ ಎಲ್ಲೋ ಯಾವುದೋ ಮಗ್ಗದಲ್ಲಿ ಯಾರೋ ಬಿಟ್ಟ ಗಂಟು. ‘ಅದಕ ನಾ ಥಾನ ವಾಪಸ್ ಮಾಡ್ತೇನಿ, ಬಾಳಗೊಂಡಾ. ರಬ್ಬರ ಉಬ್ಬಿದ್ರ ಮೊದಲ ಹರಿಯೂದು ಗಂಟಿದ್ದಲ್ಲೆ. ಸುಮ್ನ ಕಿರಿಕಿರಿ ಮಾಡ್ತಾನ ಅಂತ ಬೈಕೊಂಡಿರ್ತೀ.’

‘ಬೈಕೊಂಡೇನ್ರಿ,’ ಅಂದ ಬಾಳಗೊಂಡ ಪ್ರಾಮಾಣಿಕವಾಗಿ.

ಒಂದು ತಾಸಿನಲ್ಲಿ ಕೆಲಸ ಮುಗಿಯಿತು. ಹಳೆಯದನ್ನು ಮೇಲಿಟ್ಟು ಗುರುತು ಮಾಡಿ, ದುಂಡಗೆ ಕತ್ತರಿಸಿ, ಸುತ್ತ ಆರು, ನಡುವೆ ಒಂದು ತೂತು ಹೊಡೆದ. ಒಂದರ ಬದಲು ಎರಡು ಮಾಡಿದ, ಒಂದು ಇಟ್ಟುಕೊಳ್ಳಲಿ ಎಂದು. ಬೆಲೆ ಕೇಳಿದರೆ ಔಷಧ ಪಂಪಿನ ಪಡದಾಕ್ಕೆ ರೈತರಿಂದ ತೆಗೆದುಕೊಳ್ಳುವಷ್ಟೇ ಹೇಳಿದ. ಎರಡು ಕಿಲೋ ಒಳ್ಳೆ ಬೆಲ್ಲಕ್ಕೂ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಶಾಲನ ಇನ್ನಷ್ಟು ಕೊಡಲು ಹೋದಳು. ಅವನು ತೆಗೆದುಕೊಳ್ಳಲಿಲ್ಲ.

ವಾಪಸ್ ಕಬನೂರಿಗೆ ಬಂದಾಗ ಶಾಲನ, ‘ಆ ಅರಬಿ ಗಂಟು ಯಾರು ತಗೀತಾರ?’ ಎಂದು ಕೇಳಿದಳು. ಶೆಡ್ಡಿನ ಮೂಲೆಯಲ್ಲಿ, ಬೆಳಕಿನ ಬಾಗಿಲ ಬಳಿ, ಇಂದುಬಾಯಿ ಎಂಬ ವಯಸ್ಸಾದ ಹೆಂಗಸು ಚಿಮಟಿ ಹಿಡಿದು ಬಟ್ಟೆಯ ಮೇಲೆ ಅಂಗೈ ಆಡಿಸುತ್ತ ಕೂತಿದ್ದಳು. ಕಣ್ಣಿಗಿಂತ ಅಂಗೈಗೇ ಗಂಟು ಬೇಗ ಸಿಗುತ್ತದೆಯಂತೆ. ಶಾಲನ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಇಂದುಬಾಯಿ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡು, ‘ಯವ್ವಾ, ಯಾರೀಕಿ?’ ಎಂದು ಪ್ರಣಾಲಿಯನ್ನು ಕೇಳಿದಳು. ತಿಳಿಸಿ ಹೇಳಿದರೂ, ತನ್ನ ಚಿಮಟಿಗೂ ಗಡಹಿಂಗ್ಲಜದ ಮೋಟಾರಿಗೂ ಏನು ಸಂಬಂಧ ಎಂಬುದು ಅವಳಿಗೆ ಕೊನೆಗೂ ಪೂರ್ತಿ ಹೊಂದಿಕೆಯಾಗಲಿಲ್ಲ. ಚಹಾ ಮಾತ್ರ ಕುಡಿಸಿ ಕಳಿಸಿದಳು.

ಅಂದು ಸಂಜೆ ತಾತ್ಯಾ ಹೊಸ ಪಡದಾವನ್ನು ಕೈಗೆ ತೆಗೆದುಕೊಂಡು, ಸುತ್ತಲಿನ ಆರು ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದರು. ‘ಗಾಡೀದಾದ್ರೂ ಸಿಕ್ತಲ್ಲ,’ ಅಂದರು. ಅಲ್ಲಪ್ಪನ ಫೋನಿನ ಸಂಗತಿ ಶಾಲನಳ ನಾಲಿಗೆಯ ತುದಿಗೆ ಬಂದಿತ್ತು; ಕೊಟ್ಟ ಮಾತು ನೆನೆದು ನುಂಗಿಕೊಂಡಳು.

ರವಿವಾರ ಮಲ್ಲಾರಿ ಪಂಪ್ ಜೋಡಿಸಿದ. ಮೊದಲೆರಡು ಸಲ ಸ್ಟಾರ್ಟರ್ ಬರೀ ತಿರುಗಿತು. ಮೂರನೇ ಸಲಕ್ಕೆ ಪೆಟ್ರೋಲ್ ಮೇಲೇರಿ, ಇಂಜಿನ್ ಹಿಡಿಯಿತು. ಕುರ್ಚಿಯ ಮೇಲಿದ್ದ ತಾತ್ಯಾ ಎದ್ದು ನಿಂತು ಮಲ್ಲಾರಿಯ ದನಿ ಬಂದ ಕಡೆಗೆ ಕೈ ಮುಗಿದರು. ಅವನು ಎಣ್ಣೆಗೈಯಲ್ಲೇ ಅವರ ಕೈ ಹಿಡಿದುಕೊಂಡ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಪ್ಪಿ ಗಾಡಿ ಹೊರಟಿತು. ಬಲಕ್ಕೆ ಶಾಲನ, ಎಡಕ್ಕೆ ತಾತ್ಯಾ. ಚಳಿಗಾಳಿ ಕಣ್ಣಿಗೆ ಹೊಡೆಯಬಾರದೆಂದು ಪ್ರಣಾಲಿಯ ಗಿಳಿಹಸಿರು ಪರದೆಯನ್ನು ಅವರ ತಲೆಗೆ ರುಮಾಲಿನಂತೆ ಸುತ್ತಿದ್ದಳು. ಎಲಾಸ್ಟಿಕ್ ಇದ್ದದ್ದು ಒಳ್ಳೆಯದೇ ಆಯಿತು, ಗಾಳಿಗೆ ಹಾರಲಿಲ್ಲ. ಹಿಂದೆ ಅವಿನಾಶ ಸ್ಕೂಟರಿನಲ್ಲಿ, ಎಲ್ಲಿ ನಿಲ್ಲುತ್ತದೋ ಎಂದು ನೋಡುತ್ತ ಬಂದ. ತವಂದಿ ಘಾಟಿನ ಏರಿ ಬಂತು. ಪಂಪು ಸೋಲುವುದಿದ್ದರೆ ಅಲ್ಲೇ ಸೋಲಬೇಕು. ‘ಎರಡನೇ ಗೇರ ಹಾಕು, ಹೆದರಬ್ಯಾಡ,’ ಅಂದರು ತಾತ್ಯಾ, ಇಪ್ಪತ್ತೈದು ವರ್ಷದ ಹಿಂದಿನ ಅದೇ ದನಿಯಲ್ಲಿ. ಗಾಡಿ ಏರಿತು. ಸ್ತವನಿಧಿಯ ಬಸದಿ ಇರುವ ಕಡೆಗೆ ಇಬ್ಬರೂ ಕೈ ಮುಗಿದರು. ಶಾಲನ ಒಂದೇ ಕೈ ಎತ್ತಿದಳು. ಇನ್ನೊಂದು ಸ್ಟಿಯರಿಂಗ್ ಮೇಲಿತ್ತು.

ಆರ್‌ಟಿಓ ಮೈದಾನದಲ್ಲಿ ಸಾಹೇಬರು ದೀಪ, ಹಾರ್ನು, ಬ್ರೇಕು ನೋಡಿದರು. ಒಂದು ಸುತ್ತು ಹೊಡೆಸಿದರು. ಸಹಿ ಹಾಕುವಾಗ ತಾತ್ಯಾನ ತಲೆಯ ಕಡೆ ನೋಡಿ, ‘ಇದೇನ್ರಿ ಅಜ್ಜಾರ?’ ಎಂದು ಕೇಳಿದರು.

‘ಗಾಡಿ ಪಡದಾ ರೀ,’ ಅಂದರು ತಾತ್ಯಾ ಗಂಭೀರವಾಗಿ.

ಕಾಗದಕ್ಕೆ ಇನ್ನು ಐದು ವರ್ಷ ಭಯವಿರಲಿಲ್ಲ. ಅವಿನಾಶ ಹತ್ತಿರ ಬಂದು ಬಾನೆಟ್ ಮೇಲೆ ಕೈಯಿಟ್ಟ. ಅಪ್ಪನಿಗೆ ಹೇಳಬೇಕಾದದ್ದನ್ನು ಅವನು ಗಾಡಿಗೆ ಹೇಳುತ್ತಿದ್ದಾನೇನೋ ಎಂದು ಶಾಲನಳಿಗೆ ಅನ್ನಿಸಿತು. ಆಮೇಲೆ ಅವನು ಅಂಗಡಿಯ ಕೆಲಸವಿದೆಯೆಂದು ಸ್ಕೂಟರ್ ತಿರುಗಿಸಿದ.

ವಾಪಸ್ ಬರುವಾಗ ತಾತ್ಯಾ ಒಬ್ಬೊಬ್ಬರನ್ನೇ ನೆನೆದರು. ಮಲ್ಲಾರಿ, ಪ್ರಣಾಲಿ, ಬಾಳಗೊಂಡ, ದಾದಾಸಾಹೇಬ, ಆ ಗಂಟು ತೆಗೆಯುವ ಬಾಯಿ. ‘ಎಲ್ಲಾರಿಗೂ ಒಂದೊಂದು ಬೆಲ್ಲದ ಪೆಂಟಿ ಕಳಸ್ಬೇಕು ಶಾಲನಾ. ಮತ್ತ ಯಾರರ ಉಳದ್ರೇನು?’

ಶಾಲನ ಗಾಡಿಯನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದಳು. ಇಂಥದ್ದನ್ನು ಗಾಡಿ ಹೊಡೆಯುತ್ತ ಹೇಳಲು ಅವಳಿಂದ ಆಗುತ್ತಿರಲಿಲ್ಲ. ‘ಒಬ್ಬರು ಉಳದಾರ್ರಿ,’ ಎಂದು, ಕೊಟ್ಟ ಮಾತು ಮುರಿದು, ಗುರುವಾರದ ಫೋನಿನ ಸಂಗತಿಯನ್ನು ಎಮ್ಮೆ ಕೂಗಿದ್ದರ ಸಮೇತ ಹೇಳಿದಳು. ತಾತ್ಯಾ ನಗಲಿಲ್ಲ. ಹಸಿರು ಪರದೆಯ ಅಂಚಿನಿಂದ ಎರಡೂ ಕಣ್ಣು ಒತ್ತಿಕೊಂಡರು.

‘ಉತ್ತೂರ ಮ್ಯಾಲ ಹೋಗೂಣು,’ ಅಂದರು.

ಅಲ್ಲಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಾಡಿಯ ಸದ್ದಿಗೆ ಎದ್ದು ಬಂದ. ಶಾಲನಳ ಮುಖ ನೋಡಿದ ಕೂಡಲೇ ಗುಟ್ಟು ಹೊರಬಿದ್ದಿದೆ ಎಂದು ಅವನಿಗೆ ತಿಳಿದುಹೋಯಿತು. ತಲೆ ಕೆರೆದುಕೊಂಡ. ತಾತ್ಯಾ ಅವನ ಹೆಗಲು ಹಿಡಿದು ಕೆಳಗಿಳಿದು, ಕಟ್ಟೆಯ ಮೇಲೆ ಕೂತರು.

‘ಅಲ್ಲ್ಯಾ, ಗಾಡಿ ಹತ್ತು.’

‘ನಾ ಯಾಕೋ? ಕಾಲೆಲ್ಲಾ ಮಣ್ಣ ಐತಿ.’

‘ನಲವತ್ತೈದು ವರ್ಷ ಇದನ್ನs ಹೇಳಾಕತ್ತಿ. ಹತ್ತು ಅಂದ್ರ ಹತ್ತು.’

ಅಲ್ಲಪ್ಪ ಧೋತರದ ಅಂಚಿನಿಂದ ಅಂಗಾಲು ಒರೆಸಿಕೊಂಡು, ಮುಟ್ಟಿದರೆ ಎಲ್ಲಿ ಮುರಿಯುತ್ತದೋ ಎಂಬಂತೆ ಸೀಟಿನ ತುದಿಯಲ್ಲಿ ಕೂತ. ಶಾಲನ ಅವನನ್ನು ಊರು ದಾಟಿಸಿ, ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಗುಡ್ಡ ಕಾಣುವ ತಿರುವಿನ ತನಕ ಒಯ್ದು, ಸುತ್ತು ಹಾಕಿಸಿ ತಂದಳು. ಅವನು ದಾರಿಯುದ್ದಕ್ಕೂ ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ ನೋಡುತ್ತಿದ್ದ. ಗಾಡಿ ಬಂದು ಕಟ್ಟೆಯ ಮುಂದೆ ನಿಂತಾಗ ತಾತ್ಯಾ ಸದ್ದು ಬಂದ ಕಡೆ ಮುಖ ತಿರುಗಿಸಿದರು.

‘ಒಂದು ಕಣ್ಣು ಕೊಡ್ತೇನಿ ಅಂದಿದ್ದೆಲ್ಲೋ ನೀ,’ ಅಂದರು. ‘ಕೊಡು ಈಗ. ಏನೇನು ಕಾಣಸ್ತು, ಹೇಳು.’

ಅಲ್ಲಪ್ಪ ಇಳಿಯದೆ, ಕೂತಲ್ಲಿಂದಲೇ, ಮನೆಯ ಬಾಗಿಲಿನಿಂದ ಶುರು ಮಾಡಿದ. ಡೇರಿಯ ಮುಂದೆ ಹೊಸ ಬೇವಿನ ಸಸಿ ಹಚ್ಚಿದ್ದಾರೆ. ಹಳ್ಳದ ದಂಡೆಯ ಕಬ್ಬಿಗೆಲ್ಲ ಸೂಲಂಗಿ ಹೂವು ಬಂದಿದೆ, ಬಿಳೇದು, ಗಾಳಿಗೆ ಎಲ್ಲವೂ ಒಂದೇ ಕಡೆ ಬಾಗಿದ್ದವು. ಗುಡ್ಡದ ಮೇಲಿನ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ಬಂದಿದೆ. ಇಂಜಿನ್ ಸದ್ದಿನಲ್ಲಿ ಅವನ ಮಾತು ಕಟ್ಟೆಯ ತನಕ ಸರಿಯಾಗಿ ಕೇಳುತ್ತಿರಲಿಲ್ಲ. ಶಾಲನ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದಳು.